ಡೇಸಿ ಬುಡ ಸೀಳಿ ನೆಟ್ಟ ಕಥೆ

ಮೂರನೇ ವರ್ಷಕ್ಕೆ ನನ್ನ ಡೇಸಿ ಹೂವಿನ ಪಾತಿಗೆ ಬೊಕ್ಕತಲೆ ಬಂತು. ಸುತ್ತ ಹಸಿರು, ನಡುವೆ ಬರೀ ಒಣಕಡ್ಡಿ. ಗೊಬ್ಬರ ಸಾಲದೇನೋ ಅಂದುಕೊಂಡು ಧಾರಾಳವಾಗಿ ಸುರಿದೆ, ದಿನಾ ನೀರು ಹಾಕಿದೆ. ಎಲೆ ಸೊಕ್ಕಿ ಬೆಳೆಯಿತು, ಕಾಂಡ ಉದ್ದವಾಗಿ ಮೊದಲ ಮಳೆಗೇ ಮಲಗಿತು. ಹೂ ಮಾತ್ರ ನಾಲ್ಕೈದು. ಒಂದು ಬುಡವಂತೂ ಕೊಳೆತು, ಸುಮ್ನೆ ಹಿಡಿದರೆ ಕೈಗೇ ಬಂತು.

ಅದು ಹಸಿವಲ್ಲ, ಇಕ್ಕಟ್ಟು. ಡೇಸಿ ಹೊಸ ಚಿಗುರನ್ನು ಹೊರಹೊರಕ್ಕೆ ಬಿಡುತ್ತಾ ಹೋಗುತ್ತದೆ, ಒಳಗಿನ ಹಳೇ ಬುಡ ಮುದಿಯಾಗಿ ಸಾಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಕಿತ್ತು ಬಿಡಿಸಿ ನೆಡಲೇಬೇಕು.

ಹೂವಿನ ಕಾಲ ಮುಗಿದ ಮೇಲೆ ಒಂದು ಸಂಜೆ ಧೈರ್ಯ ಮಾಡಿದೆ. ಹಿಂದಿನ ದಿನವೇ ನೀರು ಹಾಕಿ ಮಣ್ಣು ಸಡಿಲ ಮಾಡಿದ್ದೆ. ಬುಡದಿಂದ ಒಂದು ಗೇಣು ದೂರದಲ್ಲಿ ಸುತ್ತಲೂ ಅಗೆದು, ಇಡೀ ಬುಡವನ್ನು ಮಣ್ಣಿನ ಸಮೇತ ಎತ್ತಿದೆ. ನಡುಭಾಗ ಬಿರುಸಾಗಿ, ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಬಿಸಾಕಿದೆ. ಅಂಚಿನದ್ದು ಕೈಯಲ್ಲೇ ಬಿಡಿಸಿಕೊಂಡಿತು, ಗಟ್ಟಿ ಇದ್ದ ಕಡೆ ಹಳೇ ಚಾಕು ಬೇಕಾಯಿತು. ಪ್ರತಿ ತುಂಡಿಗೂ ನಾಲ್ಕೈದು ಚಿಗುರು, ಒಂದು ಹಿಡಿ ಬಿಳಿ ಬೇರು ಇರುವ ಹಾಗೆ ನೋಡಿಕೊಂಡೆ. ಒಂದಿದ್ದದ್ದು ಏಳಾಯಿತು!

ಬೀಜ ಹಾಕಬಹುದಿತ್ತಲ್ವಾ ಅಂತ ಕೇಳಬಹುದು. ನನ್ನದು ಶಾಸ್ಟಾ ಡೇಸಿ. ಅಮೆರಿಕದ ಸಸ್ಯ ತಳಿಗಾರ ಲೂಥರ್ ಬರ್ಬ್ಯಾಂಕ್ ಹಲವು ಜಾತಿಯ ಡೇಸಿಗಳನ್ನು ಬೆರೆಸಿ 1901ರಲ್ಲಿ ಹೊರತಂದ ಮಿಶ್ರತಳಿ ಇದು. ಬೀಜದ ಗಿಡ ತಾಯಿಯ ಹಾಗೇ ಬರುತ್ತದೆ ಅನ್ನೋ ಖಾತ್ರಿ ಇಲ್ಲ. ಬುಡ ಸೀಳಿದರೆ ಅದೇ ಹೂ.

ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಕಡೆ, ಒಂದೂವರೆ ಅಡಿ ಅಂತರದಲ್ಲಿ ನೆಟ್ಟೆ. ಬುಡ ಮಣ್ಣಿನ ಮಟ್ಟಕ್ಕೇ ಇರಬೇಕು, ಹೂತರೆ ಮತ್ತೆ ಕೊಳೆಯುತ್ತದೆ. ಬೇರು ಹಿಡಿಯುವ ತನಕ ಮಣ್ಣು ಒಣಗಲು ಬಿಡಲಿಲ್ಲ. ಆಮೇಲೆ ಬೆರಳಿಟ್ಟು ನೋಡಿ, ಮೇಲಿನ ಒಂದಿಂಚು ಒಣಗಿದ್ದರೆ ಮಾತ್ರ ನೀರು. ಗೊಬ್ಬರ ಗಿಡಕ್ಕೊಂದು ಹಿಡಿ ಕಾಂಪೋಸ್ಟ್, ಅಷ್ಟೇ.

ಮುಂದಿನ ಹಂಗಾಮಿಗೆ ಏಳರಲ್ಲಿ ಆರು ಹೂಬಿಟ್ಟವು. ನಡುವಿನ ಹಳದಿ ಬಿಲ್ಲೆಯನ್ನು ಹತ್ತಿರದಿಂದ ನೋಡಿ: ಅದು ಒಂದು ಹೂವಲ್ಲ, ನೂರಾರು ಪುಟ್ಟ ಹೂಗಳ ಗುಂಪು. ಅಂಚಿನಿಂದ ಸುತ್ತು ಸುತ್ತಾಗಿ ಒಳಕ್ಕೆ ಅರಳುತ್ತಾ ಹೋಗುತ್ತದೆ. ಕೊನೆಯ ಸುತ್ತೂ ಅರಳಿ ಬಿಲ್ಲೆ ಕಂದಾಗುತ್ತಿದ್ದಂತೆ ನಾನು ಕತ್ತರಿ ಹಿಡಿಯುತ್ತೇನೆ. ಬರೀ ಹೂ ಚಿವುಟುವುದಿಲ್ಲ, ಕೆಳಗೆ ಪಕ್ಕದ ಮೊಗ್ಗು ಇರುವ ತನಕ ಕಾಂಡ ತೆಗೆಯುತ್ತೇನೆ. ವಾರ ಎರಡು ವಾರದಲ್ಲಿ ಆ ಮೊಗ್ಗಿನ ಸರದಿ.