ಬಿ.ಎಂ.ಶ್ರೀ. ಬಗ್ಗೆ 20 ನಿಮಿಷ ಮಾತಾಡಬೇಕಾ? ಹೀಗೆ ತಯಾರಾಗಿ

ನವೆಂಬರ್ ಹತ್ತಿರ ಬಂತು ಅಂದ್ರೆ ನಮ್ಮ ತುಮಕೂರು ಕಡೆ ಕನ್ನಡ ಮೇಷ್ಟ್ರುಗಳಿಗೆ ಒಂದು ಫೋನ್ ಬಂದೇ ಬರುತ್ತದೆ. ‘ಸಾರ್, ರಾಜ್ಯೋತ್ಸವಕ್ಕೆ ಬಿ.ಎಂ.ಶ್ರೀ. ಬಗ್ಗೆ ಒಂದ್ 20 ನಿಮಿಷ ಮಾತಾಡಿಬಿಡಿ, ನಮ್ಮ ಜಿಲ್ಲೆಯವರಲ್ವಾ?’ ಬಿ.ಎಂ.ಶ್ರೀ. ಅಂದರೆ ಬಿ.ಎಂ. ಶ್ರೀಕಂಠಯ್ಯ, ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿಕೊಟ್ಟ ಕವಿ. ಹೂಂ ಅಂದುಬಿಡುತ್ತೇವೆ. ಹಿಂದಿನ ರಾತ್ರಿ ಕೂತಾಗಲೇ ಕಷ್ಟ ಗೊತ್ತಾಗುವುದು.

ನನ್ನ ಮೊದಲ ಭಾಷಣದ ಕಥೆ ಕೇಳಿ. ಒಂದು ಕಾಲೇಜಿನ ಸಭಾಂಗಣ, ಮುಂದೆ 200 ಮಕ್ಕಳು. ನಾನು ಅವರು ಹುಟ್ಟಿದ ಇಸವಿಯಿಂದ ಹಿಡಿದೆ. ಇಂಗ್ಲಿಷ್ ಅಧ್ಯಾಪಕರಾದರು, ರಿಜಿಸ್ಟ್ರಾರ್ ಆದರು, ಸೆಂಟ್ರಲ್ ಕಾಲೇಜಿಗೆ ಬಂದರು, ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾದರು, ಧಾರವಾಡದಲ್ಲಿ ಪ್ರಿನ್ಸಿಪಾಲ್ ಆದರು... ಹೀಗೇ ಓದುತ್ತಾ ಹೋದೆ. ಮುಗಿದ ಮೇಲೆ ಟೀ ಕೊಡಲು ಬಂದ ಅಕ್ಕ ಲೋಟ ಕೈಗಿಟ್ಟು ಕೇಳಿದರು: ‘ಅಲ್ಲ ಸಾ, ಅಷ್ಟೊಂದ್ ಕೆಲ್ಸ ಬದಲಾಯ್ಸವ್ರಲ್ಲ, ಪಾಪ ಎಲ್ಲೂ ಒಗ್ಗಲಿಲ್ವಾ?’

ತಪ್ಪು ಅವರದಲ್ಲ. ಬರೀ ಹುದ್ದೆಗಳ ಪಟ್ಟಿ ಓದಿದರೆ ಯಾರ ಬದುಕಾದರೂ ಹಾಗೇ ಕೇಳಿಸುತ್ತದೆ. ಆಮೇಲೆ ನಾನು ಪಟ್ಟಿ ಬಿಟ್ಟೆ. ಒಂದು ದಿನ ಹಿಡಿದು, ಅದರ ಸುತ್ತ ಮಾತಾಡುವುದು ಕಲಿತೆ.

ಬಿ.ಎಂ.ಶ್ರೀ. ವಿಷಯದಲ್ಲಿ ಆ ದಿನ ಯಾವುದು ಅಂತ ಹುಡುಕುವ ಕಷ್ಟವೇ ಇಲ್ಲ. 1911, ಧಾರವಾಡ, ಕರ್ನಾಟಕ ವಿದ್ಯಾವರ್ಧಕ ಸಂಘ. ಭಾಷಣದ ಹೆಸರು ‘ಕನ್ನಡ ಮಾತು ತಲೆಯೆತ್ತುವ ಬಗೆ’. ಆ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ಮಕ್ಕಳನ್ನೇ ಕೇಳಿ, ತಲೆಯೆತ್ತಬೇಕು ಅಂದರೆ ಈಗ ತಲೆ ಹೇಗಿದೆ ಅಂತ ಅರ್ಥ? ಯಾರಾದರೂ ‘ಬಗ್ಗಿದೆ’ ಅನ್ನುತ್ತಾರೆ. ಅಲ್ಲಿಗೆ ಅರ್ಧ ಭಾಷಣ ಆಯಿತು. ಆಮೇಲೆ ಹೇಳಿ: ಮಾತಾಡಿದವರು ಕನ್ನಡ ಪಂಡಿತರಲ್ಲ, ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ 27 ವರ್ಷದ ಮೇಷ್ಟ್ರು. ಹಿಂದಿನ ಬೆಂಚಿನವರೂ ಆಗ ಮೊಬೈಲ್ ಕೆಳಗಿಡುತ್ತಾರೆ, ನಾನೇ ನೋಡಿದ್ದೇನೆ.

ಮುಂದಿನ 5 ನಿಮಿಷಕ್ಕೆ ಒಂದು ಉಪಾಯ. 1911ರಲ್ಲಿ ಏನೇನು ಇತ್ತು ಅಂತ ಹೇಳಬೇಡಿ, ಏನೇನು ಇರಲಿಲ್ಲ ಅಂತ ಹೇಳಿ. ಕನ್ನಡ ಸಾಹಿತ್ಯ ಪರಿಷತ್ತು ಇರಲಿಲ್ಲ, ಅದು ಬಂದದ್ದು 1915ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯ ಇರಲಿಲ್ಲ, ಅದು 1916ರ ಜುಲೈಯಲ್ಲಿ ಶುರುವಾಯಿತು. ಅಲ್ಲಿಯವರೆಗೆ ನಮ್ಮ ಕಾಲೇಜುಗಳೆಲ್ಲ ಮದ್ರಾಸ್ ವಿಶ್ವವಿದ್ಯಾನಿಲಯದ ಕೆಳಗಿದ್ದವು, ಡಿಗ್ರಿ ಕಾಗದ ಅಲ್ಲಿಂದಲೇ ಬರಬೇಕಿತ್ತು. ಕನ್ನಡನಾಡೂ ಒಂದಾಗಿರಲಿಲ್ಲ. ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ನಾವು ಮೈಸೂರು ಮಹಾರಾಜರ ಸಂಸ್ಥಾನದಲ್ಲಿದ್ದೆವು. ಅಂದರೆ ಈ ಮೇಷ್ಟ್ರು ಕನ್ನಡದ ಮಾತಾಡಲು ಬೇರೆ ಸರ್ಕಾರದ ಊರಿಗೆ ಹೋಗಿದ್ದರು. ಇಷ್ಟು ಕೇಳಿದ ಮೇಲೆ ಆ ಹೆಸರಿನ ಭಾರ ತಾನಾಗಿಯೇ ತಿಳಿಯುತ್ತದೆ, ನೀವು ‘ಮಹಾನ್ ಚೇತನ’ ಅಂತೆಲ್ಲ ಹೊಗಳುವ ಅಗತ್ಯ ಬೀಳುವುದಿಲ್ಲ.

ಇನ್ನೊಂದು ಎಚ್ಚರಿಕೆ. ನಿರೂಪಣೆ ಮಾಡುವವರು ಅವರನ್ನು ‘ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ’ ಅಂತ ಪರಿಚಯಿಸುವುದುಂಟು. ಅವರು ಕುಲಪತಿ ಆಗಿರಲಿಲ್ಲ. 1926ರಿಂದ 1930ರವರೆಗೆ ರಿಜಿಸ್ಟ್ರಾರ್, ಅಂದರೆ ಈಗಿನ ಕುಲಸಚಿವ. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ, ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಅವರೇ. 1920ರಲ್ಲಿ ಅವರು ತೀರಿಕೊಂಡ ಮೇಲೆ ಬಂಗಾಳದಿಂದ ಬಂದ ಬ್ರಜೇಂದ್ರನಾಥ ಸೀಲ್ ಕುಲಪತಿ ಆದರು. ಬಿ.ಎಂ.ಶ್ರೀ. ಆಫೀಸು ನೋಡಿಕೊಂಡಿದ್ದು ಸೀಲ್ ಅವರ ಕಾಲದಲ್ಲೇ. ಎಲ್ಲದರ ಮೇಲೆ ಕುಲಾಧಿಪತಿ ಅಂತ ಮಹಾರಾಜರು. ವೇದಿಕೆ ಮೇಲೆ ಯಾರನ್ನೂ ತಿದ್ದಲು ಹೋಗಬೇಡಿ, ನಿಮ್ಮ ಮಾತಿನಲ್ಲಿ ಸರಿಯಾದದ್ದನ್ನು ಹೇಳಿ ಮುಂದೆ ಹೋಗಿ.

ರಿಜಿಸ್ಟ್ರಾರ್ ಅಂದ ತಕ್ಷಣ ಕೇಳುವವರಿಗೆ ಫೈಲು, ಸೀಲು, ಸಹಿ ಮಾತ್ರ ಕಾಣಿಸುತ್ತದೆ. ಅದನ್ನು ಹಾಗೇ ಬಿಡಬೇಡಿ. ಅವರು ಆ ಕುರ್ಚಿಯಲ್ಲಿದ್ದಾಗಲೇ, 1927ರಲ್ಲಿ, ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಶುರುವಾಯಿತು. ಮೊದಲ ತಂಡದಲ್ಲಿ ಕೂತಿದ್ದ ಒಬ್ಬ ಹುಡುಗ ಕುಪ್ಪಳಿಯ ಪುಟ್ಟಪ್ಪ. ಅದೇ ಹುಡುಗ 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಕುಲಪತಿ ಆದರು, ನಮ್ಮ ಕುವೆಂಪು. ಇಲ್ಲಿ ಒಂದು ಕ್ಷಣ ಸುಮ್ನೆ ನಿಲ್ಲಿ. ಮಕ್ಕಳಿಗೆ 1911, 1927, 1956 ಮೂರನ್ನೂ ಜೋಡಿಸಿಕೊಳ್ಳಲು ಅಷ್ಟು ಹೊತ್ತು ಬೇಕು.

1928ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಮಹಾರಾಜರು ಕೊಟ್ಟ ‘ರಾಜಸೇವಾಸಕ್ತ’ ಬಿರುದು, ಇವಕ್ಕೆ ಒಂದೊಂದು ವಾಕ್ಯ ಸಾಕು. ಬಿರುದಿಗಿಂತ ಪೇಟ, ಕೋಟು ಹಾಕಿದ ಅವರ ಫೋಟೋ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೈಯಲ್ಲಿ ಹಿಡಿದರೆ ಜಾಸ್ತಿ ಕೆಲಸ ಮಾಡುತ್ತದೆ.

ಶುರು ಎಲ್ಲಿಂದ ಮಾಡುವುದು ಅನ್ನುವುದು ಊರಿನ ಮೇಲೆ ಹೋಗುತ್ತದೆ. ತುರುವೇಕೆರೆ ಕಡೆಯಾದರೆ ಸಂಪಿಗೆಯಿಂದ ಹಿಡಿಯಿರಿ. 1884ರ ಜನವರಿ 3ರಂದು ಅವರು ಹುಟ್ಟಿದ್ದು ಆ ಊರಲ್ಲಿ, ‘ನಮ್ಮ ಪಕ್ಕದೂರಾ?’ ಅಂತ ಗುಜುಗುಜು ಏಳುತ್ತದೆ. ಆದರೆ ಹೆಸರಿನಲ್ಲಿರುವ ‘ಬಿ’ ಬೆಳ್ಳೂರು, ಅದು ಮಂಡ್ಯ ಜಿಲ್ಲೆಯದು. ಆ ಕಡೆಯವರು ಯಾರಾದರೂ ಸಭೆಯಲ್ಲಿದ್ದರೆ ಸುಮ್ಮನಿರುವುದಿಲ್ಲ, ಮೊದಲೇ ಹೇಳಿಬಿಡಿ. ಚಿಕ್ಕಬಳ್ಳಾಪುರದಲ್ಲಿ ಕರೆದರೆ ಮುದ್ದೇನಹಳ್ಳಿಯಿಂದ ಬನ್ನಿ, ವಿಶ್ವವಿದ್ಯಾನಿಲಯ ಹುಟ್ಟಿದಾಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರೇ ಅಲ್ವಾ?

ಬರೆದುಕೊಂಡು ಓದಬೇಡಿ. ಅಂಗೈಯಷ್ಟು ಚೀಟಿಯಲ್ಲಿ ಇಸವಿಗಳು ಮಾತ್ರ ಇರಲಿ. ಮನೆಯಲ್ಲಿ ಒಂದು ಸಲ ಗಡಿಯಾರ ಇಟ್ಟುಕೊಂಡು ಜೋರಾಗಿ ಹೇಳಿ ನೋಡಿ. 14 ನಿಮಿಷಕ್ಕೆ ಮುಗಿದರೆ ಸರಿಯಾಗಿದೆ, ಯಾಕೆಂದರೆ ವೇದಿಕೆ ಮೇಲಿರುವ ಎಲ್ಲರ ಹೆಸರು ಹೇಳುವುದಕ್ಕೇ 3 ನಿಮಿಷ ಹೋಗುತ್ತದೆ, ಮೈಕ್ ಕಿರ್ ಅಂದು ಸರಿಯಾಗುವುದಕ್ಕೆ ಇನ್ನೊಂದೆರಡು.

ಮುಗಿಸುವುದೂ ಧಾರವಾಡದಲ್ಲೇ. ಕೊನೆಗಾಲದಲ್ಲಿ ಅಲ್ಲಿಗೆ ಪ್ರಿನ್ಸಿಪಾಲ್ ಆಗಿ ಹೋದ ಅವರು 1946ರ ಜನವರಿ 5ರಂದು ಅಲ್ಲಿಯೇ ತೀರಿಕೊಂಡರು, 62 ತುಂಬಿ 2 ದಿನಕ್ಕೆ. ಧಾರವಾಡ ಆಗಲೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಎರಡೂ ಕಡೆಯವರು ಒಂದೇ ರಾಜ್ಯಕ್ಕೆ ಸೇರಲು ಇನ್ನೂ 10 ವರ್ಷ ಬೇಕಾಯಿತು. ಇಷ್ಟು ಹೇಳಿ ನಮಸ್ಕಾರ ಅಂತ ಕೂತುಬಿಡಿ. ಉಳಿದ ಸಮಯವನ್ನು ವಂದನಾರ್ಪಣೆಯವರು ಹೇಗೂ ತೆಗೆದುಕೊಳ್ಳುತ್ತಾರೆ.