ಹೆಸರು ಮುಚ್ಚಿ ಸಿಗಾರ್ ಸೇದಿ ನೋಡುವುದು: ನನ್ನ ಅನುಭವ

ಸಿಗಾರಿನ ಕುತ್ತಿಗೆಗೆ ಸುತ್ತಿದ ಕಾಗದದ ಪಟ್ಟಿ ಒಂದು ಗ್ರಾಮ್ ಕೂಡ ತೂಗುವುದಿಲ್ಲ. ಬೆಂಕಿ ಅಲ್ಲಿಗೆ ಬರುವ ಮೊದಲೇ ಕಿತ್ತು ಬೂದಿಬಟ್ಟಲಿಗೆ ಹಾಕುತ್ತೇವೆ, ಹೊಗೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಒಂದೇ ಡಬ್ಬಿಯ ಎರಡು ಸಿಗಾರಿಗೆ ಎರಡು ಬಗೆಯ ಪಟ್ಟಿ ಸುತ್ತಿ ಕೊಟ್ಟರೆ ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುತ್ತೇವೆ. ಇದನ್ನು ಮನೆಯಲ್ಲೇ ಪರೀಕ್ಷಿಸುವ ಕ್ರಮ ಇಲ್ಲಿದೆ. ಮೊದಮೊದಲು ಮಾಡಿದ ಪರೀಕ್ಷೆಗಳಲ್ಲಿ ಹೆಚ್ಚಿನವು ಕೆಟ್ಟವು. ಪಟ್ಟಿ ತೆಗೆದರೂ ಗುರುತು ಬೇರೆ ದಾರಿಗಳಲ್ಲಿ ಸೋರುತ್ತಿತ್ತು. ಹಾಗಾಗಿ ಸೋರಿಕೆಯ ಬಗ್ಗೆಯೇ ಹೆಚ್ಚು ಬರೆದಿದ್ದೇನೆ.

ಮೊದಲು ಸಿಗಾರಿನ ಆಯ್ಕೆ. ಎಲ್ಲವೂ ಒಂದೇ ಅಳತೆಯವು ಇರಬೇಕು. ರೊಬಸ್ಟೊ ಸಾಕು: 50 ರಿಂಗ್, ಸುಮಾರು 5 ಇಂಚು ಉದ್ದ, ಮುಗಿಸಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ರಿಂಗ್ ಎಂದರೆ ಇಂಚಿನ 64ನೇ ಒಂದು ಪಾಲು, ಆದ್ದರಿಂದ 50 ರಿಂಗಿನ ಸಿಗಾರ್ 19.8 ಮಿಲಿಮೀಟರ್ ದಪ್ಪ. ಚೌಕವಾಗಿ ಒತ್ತಿದವನ್ನು ದುಂಡಗಿನವುಗಳ ಜೊತೆ ಬೆರೆಸಬೇಡಿ, ತುಟಿಗೆ ಇಟ್ಟೊಡನೆ ಗೊತ್ತಾಗುತ್ತದೆ. ಒಳ್ಳೆಯ ಜೋಡಿ ಬೇಕೆಂದರೆ ಒಂದೇ ಹೆಸರಿನ ಎರಡು ದೇಶದ ಸಿಗಾರ್ ತೆಗೆದುಕೊಳ್ಳಿ. 1960ರಲ್ಲಿ ಕ್ಯೂಬಾ ಸರ್ಕಾರ ಕಾರ್ಖಾನೆಗಳನ್ನು ವಶಪಡಿಸಿಕೊಂಡ ಮೇಲೆ ಹಳೆಯ ಮಾಲೀಕರು ಹೆಸರನ್ನು ಹೊರದೇಶಕ್ಕೆ ಒಯ್ದರು. 1962ರ ಅಮೆರಿಕದ ನಿರ್ಬಂಧದಿಂದ ಅಲ್ಲಿನ ಮಾರುಕಟ್ಟೆಯೂ ಬೇರೆಯಾಯಿತು. ಅದರಿಂದಾಗಿ ರೋಮಿಯೊ ಇ ಜೂಲಿಯೆಟಾ, ಮಾಂಟೆಕ್ರಿಸ್ಟೊ, ಪಾರ್ಟಗಾಸ್ ಎಲ್ಲವೂ ಕ್ಯೂಬಾದವೂ ಇವೆ, ಡೊಮಿನಿಕನ್ ಗಣರಾಜ್ಯದವೂ ಇವೆ. ಹೆಸರು ಒಂದೇ, ಪಟ್ಟಿಯಲ್ಲೂ ಹೋಲಿಕೆ ಉಂಟು, ಒಳಗಿನ ತಂಬಾಕು ಮಾತ್ರ ಪೂರಾ ಬೇರೆ.

ತಂದವನ್ನೆಲ್ಲ ಒಂದೇ ಗಾಳಿಯಾಡದ ಡಬ್ಬಿಯಲ್ಲಿ ಒಳಗಿನ ತೇವವನ್ನು ಶೇಕಡಾ 65ರಲ್ಲಿ ಕಾಯುವ ಪೊಟ್ಟಣದೊಂದಿಗೆ ಕನಿಷ್ಠ ಮೂರು ವಾರ ಇಡಬೇಕು. ಬೆಂಗಳೂರಿನ ಮಾರ್ಚ್ ತಿಂಗಳ ಒಣಗಾಳಿಯಲ್ಲಿ ಹೊರಗಿಟ್ಟ ಸಿಗಾರ್ ಎರಡೇ ದಿನಕ್ಕೆ ಸಿಡಿಯತೊಡಗುತ್ತದೆ, ಮಂಗಳೂರಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ತೇವ ಒಂದೇ ಸಮ ಇಲ್ಲದಿದ್ದರೆ ನೀವು ಅಳೆಯುವುದು ತಂಬಾಕನ್ನಲ್ಲ, ತೇವವನ್ನು. ಸೆಲೋಫೇನ್ ಹೊದಿಕೆಯನ್ನು ಇಡುವಾಗಲೇ ತೆಗೆಯಿರಿ. ಹಳೆಯದಾದಷ್ಟೂ ಅದು ಹಳದಿ ತಿರುಗುತ್ತದೆ, ಬಲ್ಲವರು ಅದರಿಂದಲೇ ವಯಸ್ಸು ಹೇಳುತ್ತಾರೆ. ಅಲ್ಯೂಮಿನಿಯಂ ಕೊಳವೆಯಲ್ಲಿ ಬರುವ ಸಿಗಾರಿಗೆ ಒಳಗಿನ ಸೀಡರ್ ಪದರದ ವಾಸನೆ ಗಟ್ಟಿಯಾಗಿ ಹಿಡಿದಿರುತ್ತದೆ. ಇದು ಪೈನ್ ಜಾತಿಯ ಮರವಲ್ಲ, ಬೇವಿನ ಕುಟುಂಬದ್ದು, ಪರಿಮಳ ಜೋರು. ಅಂಥದ್ದನ್ನು ಪರೀಕ್ಷೆಗೆ ಸೇರಿಸದಿರುವುದೇ ಮೇಲು.

ಪಟ್ಟಿ ಬಿಡಿಸುವುದರಲ್ಲಿ ಬಹಳ ಜನ ಎಡವುತ್ತಾರೆ. ಉಂಗುರ ಕಳಚಿದಂತೆ ತಲೆಯ (ಬಾಯಿಗೆ ಇಡುವ ತುದಿಯ) ಕಡೆಯಿಂದ ಎಳೆದರೆ ಹೊರ ಎಲೆ ಹರಿದುಹೋಗುತ್ತದೆ. ಪಟ್ಟಿಯ ಹಿಂಬದಿ ಅಂಟಿಸಿದ ಜಾಗವನ್ನು ಹುಡುಕಿ, ಮೊಂಡು ಚಾಕುವಿನ ತುದಿಯಿಂದ ಮೇಲಿನ ಪದರವನ್ನಷ್ಟೇ ಎತ್ತಬೇಕು. ಕೆಲವೊಮ್ಮೆ ಅಂಟು ತುಳುಕಿ ಎಲೆಗೂ ಹಿಡಿದಿರುತ್ತದೆ. ಆಗ ಹತ್ತಿಯ ಕಡ್ಡಿಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಆ ಜಾಗಕ್ಕೆ ಅರ್ಧ ನಿಮಿಷ ಒತ್ತಿ ಹಿಡಿದರೆ ಸಡಿಲವಾಗುತ್ತದೆ. ನೀರು ಹೆಚ್ಚಾದರೆ ಎಲೆ ಉಬ್ಬಿ ಒಡೆಯುತ್ತದೆ. ಮಾಮೂಲಿಯಾಗಿ ಸೇದುವಾಗ ಈ ತೊಂದರೆ ಇಲ್ಲ, ಒಂದು ಮೂರನೇ ಭಾಗ ಉರಿಯುವಷ್ಟರಲ್ಲಿ ಬಿಸಿಗೆ ಅಂಟು ತಾನಾಗಿ ಬಿಡುತ್ತದೆ. ನಮಗೆ ಹೊತ್ತಿಸುವ ಮೊದಲೇ ಬೇಕಲ್ಲ, ಅದಕ್ಕೆ ಇಷ್ಟು ರಗಳೆ.

ಪಟ್ಟಿ ಇದ್ದ ಜಾಗದಲ್ಲಿ ಎಲೆಯ ಬಣ್ಣ ಸ್ವಲ್ಪ ಬೇರೆಯಾಗಿ ಕಾಣಬಹುದು, ಒತ್ತಿದ ಗೆರೆಯೂ ಇರುತ್ತದೆ. ಅದರ ಅಗಲದಿಂದಲೇ ಬ್ರ್ಯಾಂಡ್ ಊಹಿಸುವವರಿದ್ದಾರೆ. ಹಾಗಾಗಿ ಬೋಳು ಬಿಡದೆ ಬಿಳಿ ಪಟ್ಟಿ ಸುತ್ತಬೇಕು. ಮಾಮೂಲಿ 80 ಜಿಎಸ್‌ಎಂ ಎ4 ಹಾಳೆ ಸಾಕು. ಅಗಲ 35 ಮಿಲಿಮೀಟರ್, ಉದ್ದ 70. 50 ರಿಂಗಿನ ಸುತ್ತಳತೆ 62 ಮಿಲಿಮೀಟರ್ ಚಿಲ್ಲರೆ, ಉಳಿದದ್ದು ಒಂದರ ಮೇಲೊಂದು ಕೂರಿಸಿ ಅಂಟಿಸಲು. ಅಂಟು ಕಾಗದಕ್ಕೆ ಮಾತ್ರ ತಾಗಲಿ. ಎಲ್ಲ ಸಿಗಾರಿಗೂ ಒಂದೇ ಎತ್ತರದಲ್ಲಿ ಸುತ್ತಬೇಕು.

ಇನ್ನು ತಲೆ. ಕ್ಯೂಬಾದ ಸಿಗಾರಿನ ತಲೆಗೆ ಮೂರು ಸುತ್ತು ಎಲೆಯ ಟೋಪಿ ಇರುತ್ತದೆ, ಇನ್ನು ಕೆಲವಕ್ಕೆ ಹಂದಿಬಾಲದ ಹಾಗೆ ಸುರುಳಿ. ಇವೆರಡೂ ದೊಡ್ಡ ಸುಳಿವು. ಹಾಗಾಗಿ ಪರೀಕ್ಷೆಯಲ್ಲಿ ಸೇದದ ಒಬ್ಬರು ಬೇರೆ ಕೋಣೆಯಲ್ಲಿ ಎಲ್ಲವನ್ನೂ ತುದಿಯಿಂದ 2 ಮಿಲಿಮೀಟರಿಗೆ ಕತ್ತರಿಸಿ, ಸಂಖ್ಯೆ ಬರೆದು ತರಬೇಕು. ಯಾವ ಸಂಖ್ಯೆ ಯಾವುದೆಂಬ ಚೀಟಿ ಅವರ ಹತ್ತಿರವೇ ಇರಲಿ. ಸಂಖ್ಯೆ ಮೂರಂಕಿಯದ್ದಾಗಿರಲಿ: 472, 815, 639 ಹೀಗೆ. ‘ಎ’, ‘ಬಿ’ ಅಥವಾ 1, 2 ಎಂದು ಬರೆದರೆ ಮೊದಲನೆಯದೇ ಮೇಲು ಎಂಬ ಭಾವನೆ ತಾನಾಗಿ ಬರುತ್ತದೆ. ಮೊದಲು ಸೇದಿದ್ದಕ್ಕೆ ಅಂಕ ಹೆಚ್ಚು ಬೀಳುವುದೂ ಸಾಮಾನ್ಯ, ಆದ್ದರಿಂದ ಒಬ್ಬೊಬ್ಬರಿಗೂ ಒಂದೊಂದು ಸರದಿ.

ಹೊರ ಎಲೆಯ ಬಣ್ಣವೇ ಒಂದು ಪ್ಯಾಕಿಂಗ್ ಎನ್ನುವುದು ನನಗೆ ತಡವಾಗಿ ಹೊಳೆಯಿತು. ಕಪ್ಪಗಿದ್ದರೆ ಕಡಕ್, ತಿಳಿ ಬಣ್ಣವಾದರೆ ಮೆದು ಎಂದು ಎಲ್ಲರೂ ನಂಬುತ್ತಾರೆ. ನಿಜವಾಗಿ ಕಡಕ್ಕು ಬರುವುದು ಹೆಚ್ಚಾಗಿ ಒಳಗೆ ತುಂಬಿದ, ಗಿಡದ ಮೇಲ್ಭಾಗದ ಲಿಗೆರೊ ಎಲೆಯಿಂದ. ಹೆಚ್ಚು ಕಾಲ ಹುದುಗಿಸಿದ ಕಪ್ಪು ಮಡೂರೊ ಎಲೆ ಎಷ್ಟೋ ಸಲ ಸಿಹಿಯ ಕಡೆಗೇ ವಾಲುತ್ತದೆ. 2001ರಲ್ಲಿ ಪ್ರಕಟವಾದ ಬೋರ್ಡೊ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ವಿದ್ಯಾರ್ಥಿಗಳಿಗೆ ಕೊಟ್ಟಾಗ ಅವರು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದರ ಪರಿಮಳವನ್ನು ಬಣ್ಣಿಸಿದರು. ಅವರು ಕಲಿಯುತ್ತಿದ್ದದ್ದೂ ವೈನ್ ಶಾಸ್ತ್ರವನ್ನೇ. ಸಿಗಾರಿನಲ್ಲೂ ಕಪ್ಪು ಎಲೆ ಕಂಡರೆ ಚಾಕೊಲೇಟು, ಕಾಫಿ ಎಂದು ಬರೆಯುವ ಕೈ, ತಿಳಿ ಎಲೆ ಕಂಡರೆ ಬೆಣ್ಣೆ, ಗೋಡಂಬಿ ಎನ್ನುತ್ತದೆ. ಇದಕ್ಕೆ ಉಪಾಯ ಕೆಂಪು ಬೆಳಕು. ಬೇರೆ ದೀಪ ಆರಿಸಿ ಒಂದು ಕೆಂಪು ಬಲ್ಬು ಹಾಕಿದರೆ ಎಲೆಗಳ ಬಣ್ಣದ ವ್ಯತ್ಯಾಸ ಬಹುಮಟ್ಟಿಗೆ ಮಾಯ. ಕಣ್ಣಿಗೆ ಬಟ್ಟೆ ಕಟ್ಟುವುದು ಬೇಡ, ಬೆಂಕಿಯ ಜೊತೆ ಅದು ಅಪಾಯ.

ದಿನಕ್ಕೆ ಒಂದೇ ಸಿಗಾರ್. ಎರಡು ದಿನದ ಅಂತರ, ಅದೇ ಹೊತ್ತು, ಅದೇ ಬಗೆಯ ಊಟದ ನಂತರ. ಒಂದು ಗಂಟೆ ಮೊದಲಿನಿಂದ ಕಾಫಿ ಬೇಡ (ನಮ್ಮವರಿಗೆ ಇದೇ ಕಷ್ಟ). ನಡುವೆ ಬರೀ ನೀರು, ಬಿಳಿ ಬ್ರೆಡ್ಡಿನ ತುಂಡು.

ಗಡಿಯಾರ ಮಾತ್ರ ಬಿಡುವಂತಿಲ್ಲ. ನಿಮಿಷಕ್ಕೆ ಒಂದು ದಂ, ಹೆಚ್ಚಿಲ್ಲ, ಕಡಿಮೆಯಿಲ್ಲ. ಪಟ್ಟಿ ಕಾಣುವಂತೆ ಬಿಟ್ಟು ಸೇದುವವರನ್ನು ಸುಮ್ಮನೆ ಕೂತು ಗಮನಿಸಿ: ದುಬಾರಿಯೆಂದು ಗೊತ್ತಿದ್ದರೆ ನಿಧಾನವಾಗಿ, ಬಿಟ್ಟು ಬಿಟ್ಟು ಎಳೆಯುತ್ತಾರೆ. ಅಗ್ಗದ್ದೆಂದರೆ ಮಾತಾಡುತ್ತಾ ಬುಸುಬುಸು ಎಳೆಯುತ್ತಾರೆ. ಬೇಗ ಬೇಗ ಎಳೆದರೆ ಕೆಂಡದ ಬಿಸಿ ಏರುತ್ತದೆ, ಹೊಗೆ ಕಹಿಯಾಗುತ್ತದೆ, ಘಾಟು ಬರುತ್ತದೆ. ಅಂದರೆ ಚಿನ್ನದ ಪಟ್ಟಿಯ ಸಿಗಾರ್ ನಿಜಕ್ಕೂ ರುಚಿಯಾಗುತ್ತದೆ. ಪಟ್ಟಿ ಮೊದಲು ಹಿಡಿತಕ್ಕೆ ತೆಗೆದುಕೊಳ್ಳುವುದು ಸೇದುವವನ ಕೈಯನ್ನು, ನಾಲಿಗೆಯ ಸರದಿ ಆಮೇಲೆ. ಉರಿ ಒಂದು ಕಡೆ ವಾಲಿದರೂ ಹೀಗೆಯೇ. ದುಬಾರಿಯದ್ದಾದರೆ ತಾಳ್ಮೆಯಿಂದ ಬೆಂಕಿ ತೋರಿಸಿ ಸರಿ ಮಾಡುತ್ತಾರೆ, ಅಗ್ಗದ್ದಾದರೆ ಬೈಯುತ್ತಾರೆ. ಹೊಗೆ ಬಿಗಿಯಾಗಿ ಬಂದರೆ ಮೊದಲನೆಯದಕ್ಕೆ ‘ಇನ್ನೂ ಎಳೆಯದು, ಆರು ತಿಂಗಳು ಇಡಬೇಕಿತ್ತು’, ಎರಡನೆಯದಕ್ಕೆ ‘ಸುತ್ತೋಕೆ ಬರಲ್ಲ’. ಗಡಿಯಾರ ಹಿಡಿದ ಮೇಲೆ ಅಂಕಗಳ ಅಂತರ ಕುಗ್ಗುವುದನ್ನು ಪ್ರತಿ ಸಲ ಕಂಡಿದ್ದೇನೆ.

ಎರಡನೇ ಹಂತ ಪಟ್ಟಿ ಬದಲಿಸುವುದು. ಒಂದೇ ಡಬ್ಬಿಯ ಸಿಗಾರಿಗೆ ಒಂದು ತೆಳು ಬಿಳಿ ಪಟ್ಟಿ, ಇನ್ನೊಂದು ಉಬ್ಬು ಅಚ್ಚಿನ ಚಿನ್ನದ ಪಟ್ಟಿ. ಹೆಸರಾಂತ ಬ್ರ್ಯಾಂಡಿನ ಪಟ್ಟಿ ಬಳಸಬೇಡಿ, ಅದರ ಖ್ಯಾತಿಯೂ ಸೇರಿಕೊಂಡು ಲೆಕ್ಕ ಕೆಡುತ್ತದೆ. ಹೆಸರಿಲ್ಲದ, ಬರೀ ಬಳ್ಳಿ ಚಿತ್ತಾರದ್ದು ಸಾಕು. ಮನೆಯ ಪ್ರಿಂಟರಿನಲ್ಲಿ ಚಿನ್ನದ ಬಣ್ಣ ಬರುವುದಿಲ್ಲ, ಸಾಸಿವೆ ಬಣ್ಣ ಬರುತ್ತದೆ. ಚಿಕ್ಕಪೇಟೆ, ಸುಲ್ತಾನ್‌ಪೇಟೆ ಕಡೆಯ ಮದುವೆ ಕಾರ್ಡು ಮುದ್ರಿಸುವವರು ಇದನ್ನು ಮಾಡಿಕೊಡಬಲ್ಲರು: 100 ಜಿಎಸ್‌ಎಂ ಆರ್ಟ್ ಪೇಪರ್, ಚಿನ್ನದ ಫಾಯಿಲ್, ಆಮೇಲೆ ಎಂಬಾಸಿಂಗ್. ಕಾಗದ ಇದಕ್ಕಿಂತ ದಪ್ಪವಾದರೆ ಸುತ್ತುವಾಗ ಮಡಿಕೆ ಬಿದ್ದು ಫಾಯಿಲ್ ಬಿರುಕು ಬಿಡುತ್ತದೆ. ಉದುರುವ ಚಿನ್ನದ ಪುಡಿ ಬೇಡ, ಬೆರಳಿಗೆ ಹತ್ತಿ ತುಟಿಗೆ ಬರುತ್ತದೆ. ನನ್ನ ಅಂದಾಜಿನಲ್ಲಿ ಬಣ್ಣಕ್ಕಿಂತ ಉಬ್ಬು ಅಚ್ಚಿನ ಪ್ರಭಾವ ಜಾಸ್ತಿ. ಸಿಗಾರ್ ಹಿಡಿದಷ್ಟು ಹೊತ್ತೂ ಹೆಬ್ಬೆರಳು ಅದರ ಮೇಲೆಯೇ ಆಡುತ್ತಿರುತ್ತದೆ.

ಪಟ್ಟಿ, ಡಬ್ಬಿಗಳ ಈ ಆಟ ಹಳೆಯದು. ಪಟ್ಟಿ ಸುತ್ತುವ ರೂಢಿಯನ್ನು 19ನೇ ಶತಮಾನದ ಹವಾನಾದ ತಯಾರಕ ಗುಸ್ತಾವ್ ಬಾಕ್ ಹೆಸರಿಗೆ ಕಟ್ಟುತ್ತಾರೆ, ನಕಲಿಯವರ ಕಾಟ ತಪ್ಪಿಸಲು ಮಾಡಿದ್ದಂತೆ. ಡಬ್ಬಿಯ ಮೇಲಿನ ಕ್ಯೂಬಾ ಸರ್ಕಾರದ ಹಸಿರು ಮುದ್ರೆಗೆ 1912ರ ಕಾನೂನಿನ ಬಲವಿದೆ. ಮುಚ್ಚಳದ ಒಳಬದಿಯ ದೊಡ್ಡ ಚಿತ್ರಕ್ಕೆ ವಿಸ್ತಾ ಎನ್ನುತ್ತಾರೆ. ಎಚ್. ಉಪ್ಮನ್ ಎಂಬ ಬ್ರ್ಯಾಂಡಿನ ಡಬ್ಬಿಯಲ್ಲಿ 19ನೇ ಶತಮಾನದ ಪ್ರದರ್ಶನಗಳಲ್ಲಿ ಗೆದ್ದ ಪದಕಗಳು ಈಗಲೂ ಹೊಳೆಯುತ್ತಿವೆ. ಆ ಪದಕ ಗೆದ್ದ ತಂಬಾಕು ಹೊಗೆಯಾಗಿ ಶತಮಾನ ದಾಟಿತು! ಇದರ ತಿರುವು ನಕಲಿ ಮಾಲಿನಲ್ಲಿದೆ: ಕ್ಯೂಬಾದ ಹೆಸರಾಂತ ಬ್ರ್ಯಾಂಡ್ ಕೊಹೀಬಾದ್ದೆಂದು ಮಾರುವ ಗಾಜಿನ ಮುಚ್ಚಳದ ಡಬ್ಬಿ ನೋಡಲು ಭಾರಿ ದುಬಾರಿ, ಅಸಲಿ ಕಂಪನಿ ಅಂಥದ್ದನ್ನು ಮಾಡುವುದೇ ಇಲ್ಲ. ನೋಡಬೇಕಾದದ್ದು ಡಬ್ಬಿಯ ತಳ, ಅಲ್ಲಿ ಬಿಸಿ ಅಚ್ಚಿನಲ್ಲಿ ಒತ್ತಿದ ಅಕ್ಷರಗಳೂ ಕಾರ್ಖಾನೆಯ ಗುಪ್ತ ಸಂಕೇತವೂ ತಿಂಗಳು-ವರ್ಷವೂ ಇರುತ್ತವೆ. ನಮ್ಮ ಕರಾವಳಿಯ ಬೀಡಿ ಸೇದುವವರೂ ಕಟ್ಟಿನ ಲೇಬಲ್ಲು, ಬೀಡಿಗೆ ಕಟ್ಟಿದ ದಾರದ ಬಣ್ಣ ನೋಡಿಯೇ ಕೊಳ್ಳುವುದು.

ಪ್ಯಾಕಿಂಗ್ ಕಿತ್ತುಹಾಕಿದರೆ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯಾ ಇಡೀ ದೇಶದ ಮೇಲೆ ನೋಡಿದೆ. 2012ರ ಡಿಸೆಂಬರ್ 1ರಿಂದ ಅಲ್ಲಿ ಎಲ್ಲ ತಂಬಾಕು ಪ್ಯಾಕುಗಳೂ ಒಂದೇ ಮಾಸಲು ಕಂದು ಬಣ್ಣ, ಸಿಗಾರಿನ ಪಟ್ಟಿಯೂ ಅದೇ ಬಣ್ಣ. ಹೊಸ ಪ್ಯಾಕಿನಿಂದ ಸಿಗರೇಟು ಸೇದಿದವರು ಗುಣಮಟ್ಟ ಇಳಿದಿದೆ, ಮೊದಲಿನ ತೃಪ್ತಿ ಇಲ್ಲ ಎಂದರು. ಒಳಗಿನ ಸರಕು ಬದಲಾಗಿಲ್ಲ ಎಂದು ಕಂಪನಿಗಳೇ ಹೇಳಬೇಕಾಯಿತು. ತಿಳಿ ಬಣ್ಣ, ‘ನೈಸರ್ಗಿಕ’ ಎಂಬ ಪದ ಹಾನಿ ಕಡಿಮೆ ಎಂಬ ಭ್ರಮೆಯನ್ನೂ ಹುಟ್ಟಿಸುತ್ತವೆ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಲ್ಲದು. ಪಟ್ಟಿ ಯಾವುದಾದರೂ ಅದರಿಂದ ಬರುವ ಕ್ಯಾನ್ಸರಿನ ಅಪಾಯ ಅದೇ.

ಕೊನೆಗೆ ಲೆಕ್ಕ. ಎರಡು ಒಂದೇ, ಒಂದು ಬೇರೆ ಇರುವ ಮೂರರಲ್ಲಿ ಬೇರೆಯದನ್ನು ಹುಡುಕುವ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ಹೇಳಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ. ಅದೃಷ್ಟವಲ್ಲ ಎನ್ನಬೇಕಾದರೆ 6ರಲ್ಲಿ 5, 9ರಲ್ಲಿ 6, 12ರಲ್ಲಿ 8 ಸರಿಯಾಗಬೇಕು. ಒಂದು ಸುತ್ತಿಗೇ ಮೂರು ಸಿಗಾರ್, ಮೂರು ದಿನದ ಸರದಿ, ನಡುವಿನ ಅಂತರವೂ ಬೇಕಾಗುವುದರಿಂದ ಇದನ್ನು ಒಬ್ಬರೇ ಮಾಡಲು ಹೋಗಬೇಡಿ, ಆರು ಜನರಿಗೆ ಒಂದೊಂದು ಸುತ್ತು ಹಂಚಿ. ಅಂಕದ ಹಾಳೆಯಲ್ಲಿ ಮೊದಲ ಸಾಲು ‘ಇದರ ಬೆಲೆ ಎಷ್ಟಿರಬಹುದು’ ಎಂದಿರಲಿ. ಅದನ್ನು ಹೊತ್ತಿಸುವ ಮೊದಲೇ ಪೆನ್ನಿನಲ್ಲಿ ತುಂಬಿಸಿ, ಹಾಳೆಯನ್ನು ಮಡಚಿ ಪಿನ್ ಹೊಡೆಯಿರಿ. ಪೆನ್ಸಿಲಿನಲ್ಲಿ ಬರೆಯಲು ಬಿಟ್ಟರೆ ಚೀಟಿ ಬಿಚ್ಚಿದ ಮೇಲೆ ಅಳಿಸಿ ತಿದ್ದುತ್ತಾರೆ.