ಹಾಡೋರು ಯಾವಾಗ ಬರ್ತಾರೆ?

ನನ್ನ ಮೊದಲ ಟ್ರ್ಯಾಕ್ ಏಳು ನಿಮಿಷ ಇತ್ತು. ಸಿಂತ್ (ಎಲೆಕ್ಟ್ರಾನಿಕ್ ಆಗಿ ಸ್ವರ ಹುಟ್ಟಿಸುವ ವಾದ್ಯ), ಬೇಸ್, ಡ್ರಮ್ಸ್ ಅಷ್ಟೇ, ಹಾಡುವ ದನಿ ಇಲ್ಲ. ಗೆಳೆಯರೊಬ್ಬರಿಗೆ ಹೆಡ್‌ಫೋನ್ ಹಾಕಿ ಕೂರಿಸಿದೆ. ಸ್ವಲ್ಪ ಹೊತ್ತು ತಲೆದೂಗಿದರು. ಆಮೇಲೆ ಕೇಳಿದರು, "ಚೆನ್ನಾಗಿದೆ, ಹಾಡೋರು ಯಾವಾಗ ಬರ್ತಾರೆ?"

ಆ ಪ್ರಶ್ನೆ ತುಂಬಾ ದಿನ ಕಾಡಿತು. ಅವರು ಕೇಳಿದ್ದು ಸರಿಯೇ. ಹಾಡನ್ನು ನಾವು ಗುರುತಿಸುವುದೇ ಪಲ್ಲವಿಯ ಮೊದಲ ಸಾಲಿನಿಂದ. ಆ ಸಾಲು ಹೇಳಿ ಹುಡುಕಬಹುದು, ಕೆಲಸ ಮಾಡ್ತಾ ಹಾಡಿಕೊಳ್ಳಬಹುದು. ಮಾತಿಲ್ಲದ ಟ್ರ್ಯಾಕಿಗೆ ಆ ಹಿಡಿಕೆ ಇಲ್ಲ. "ಅದೇ, ಮಧ್ಯೆ ಡುಂಡುಂ ಅಂತ ಬರುತ್ತಲ್ಲ" ಎಂದರೆ ಯಾರಿಗೆ ತಿಳಿಯಬೇಕು?

ಇನ್ನೊಂದು ತೊಡಕು ಶುರುವಿನಲ್ಲೇ ಇತ್ತು. ಒಂದು ಟ್ರ್ಯಾಕಿಗೆ ಇನ್ನೊಂದನ್ನು ಬೆಸೆಯಲು ಡಿಜೆಗಳಿಗೆ ಮೊದಲಲ್ಲಿ ಬರೀ ತಾಳ ಬೇಕು. ಅದಕ್ಕೇ ಮೊದಲ 32 ಬಾರ್ (ನಾಲ್ಕು ಬಡಿತ ಸೇರಿದರೆ ಒಂದು ಬಾರ್) ಡ್ರಮ್ಸ್‌ನ ಕಿಕ್ ಮತ್ತು ಹೈ-ಹ್ಯಾಟ್ ಮಾತ್ರ ಇಟ್ಟಿದ್ದೆ. 128 ಬಿಪಿಎಂ, ಅಂದರೆ ನಿಮಿಷಕ್ಕೆ 128 ಬಡಿತದ ವೇಗದಲ್ಲಿ ಅದು ಸರಿಯಾಗಿ 60 ಸೆಕೆಂಡ್. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಪ್ಲೇ ಎಂದು ಲೆಕ್ಕ. ಅಷ್ಟು ಹೊತ್ತಿಗೆ ನನ್ನ ರಾಗ ಶುರುವೇ ಆಗಿರಲಿಲ್ಲ! ಕುಣಿಯುವವರಿಗೆ ಆ ಒಂದು ನಿಮಿಷ ಬೇಕು, ಫೋನ್ ಹಿಡಿದು ಕೂತವರಿಗೆ ಬೇಡ. ಹಾಗಾಗಿ ಉದ್ದದ್ದು ಡಿಜೆಗಳಿಗೆ ಇರಲಿ ಎಂದು ಮೂರು ನಿಮಿಷದ ಇನ್ನೊಂದು ರೂಪ ಮಾಡಿದೆ.

ಕೆಲಸ ಜಾಸ್ತಿ ಹಿಡಿದದ್ದು ರಾಗಕ್ಕೆ. ಕೀಬೋರ್ಡ್ ಮುಟ್ಟದೆ, ಮೊದಲು ಫೋನಿನಲ್ಲಿ ಗುನುಗಿ ರೆಕಾರ್ಡ್ ಮಾಡಿಕೊಂಡೆ. ಉಸಿರು ಸಾಲದ ಕಡೆ ಸಾಲು ಮುರಿದೆ. ಐದೇ ಸ್ವರ ಉಳಿದವು. ಅದನ್ನೇ ಸಿಂತ್‌ಗೆ ಕೊಟ್ಟು, ಪ್ರತಿ ಸಾಲಿನ ಕೊನೆಯಲ್ಲಿ ಫಿಲ್ಟರಿನ ಗುಂಡಿಯನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿದೆ. ದನಿಯ ತೀಕ್ಷ್ಣ ಭಾಗವನ್ನು ತಡೆಯುವ ಈ ಲೋ-ಪಾಸ್ ಫಿಲ್ಟರ್ ತೆರೆದುಕೊಳ್ಳುವಾಗ ಬಾಯಿ 'ಊ'ನಿಂದ 'ಆ'ಗೆ ಬಿಚ್ಚಿದ ಹಾಗೇ ಕೇಳಿಸುತ್ತದೆ. ಸ್ವರಗಳ ನಡುವೆ ಕೊಂಚ ಗ್ಲೈಡ್, ಅಂದರೆ ಒಂದರಿಂದ ಇನ್ನೊಂದಕ್ಕೆ ಜಾರುವಿಕೆ, ಸೇರಿಸಿದೆ. ಸಿಂತ್ ಉಸಿರಾಡತೊಡಗಿತು.

ಮಾತಿನ ಜಾಗವನ್ನು ದೃಶ್ಯವೂ ತುಂಬಬಲ್ಲದು, ನಿಜ. ಸಂಗೀತಗಾರ ಯಾನ್ ಹ್ಯಾಮರ್ ಅವರ, ಮಾತೇ ಇಲ್ಲದ 'ಮಯಾಮಿ ವೈಸ್' ಶೀರ್ಷಿಕೆ ಸಂಗೀತ 1985ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ತುದಿಗೇರಿತು. ಅದನ್ನು ಜನರ ಮನೆಗೆ ತಂದದ್ದು ಅದೇ ಹೆಸರಿನ ಟಿವಿ ಸರಣಿ. ನನ್ನ ಹತ್ತಿರ ಇದ್ದದ್ದು ಐದು ಸ್ವರ ಮಾತ್ರ.

ಹೊಸದನ್ನು ಅದೇ ಗೆಳೆಯರಿಗೆ ಕೇಳಿಸಿದೆ. ಈ ಸಲ ಏನೂ ಕೇಳಲಿಲ್ಲ. ಹೆಡ್‌ಫೋನ್ ಕೊಟ್ಟು ಎದ್ದು ಹೋಗುವಾಗ ಗುನುಗುತ್ತಿದ್ದರು. ಮೂರನೇ ಸಾಲಿನ ಕೊನೆಯ ಸ್ವರ ತಪ್ಪಿತ್ತು, ಆದರೆ ನಾನು ಬರೆದದ್ದಕ್ಕಿಂತ ಅದೇ ಚೆನ್ನಾಗಿತ್ತು. ಅವತ್ತು ರಾತ್ರಿಯೇ ಟ್ರ್ಯಾಕಿನಲ್ಲೂ ಹಾಗೇ ತಿದ್ದಿದೆ.